ತಪ್ಪಿನ ರಿಜಿಸ್ಟರಿನಲ್ಲಿ ನನ್ನ ಖಾಲಿ ಪುಟ

ಕಂಪ್ಯೂಟರ್ ಮುಂದೆ ಕೂತು ಅನ್ನ ಸಂಪಾದಿಸಲು ಹೊರಟಿರುವ ಹುಡುಗ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ. ನನಗೆ ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂಬುದು ಇಲ್ಲಿ ಇಲ್ಲ. ಅದೆಲ್ಲ ಸೇವಾ ಪುಸ್ತಕದಲ್ಲಿದೆ; ಅದನ್ನು ಯಾರೂ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ನಾನು ಹೇಳಹೊರಟಿರುವುದು ಕೆಂಪು ರಟ್ಟಿನ ಇನ್ನೊಂದು ಪುಸ್ತಕದ ಬಗ್ಗೆ. ಅದರಲ್ಲಿ ಹದಿನಾಲ್ಕು ವರ್ಷ ಖಾಲಿ ಉಳಿದ ಒಂದು ಪುಟವಿತ್ತು. ಪುಟ ನನ್ನದು. ಅದು ಖಾಲಿ ಇದೆ ಎಂದು ನಾನು ಬೀಗುತ್ತಿದ್ದ ಕಾಲದಲ್ಲೇ ಒಬ್ಬ ಹುಡುಗಿಯ ಕೆಲಸ ಹೋಗುವುದರಲ್ಲಿತ್ತು.

ನಾನು ಕೊಟ್ಟೂರಿನವಳು. ನಮ್ಮ ಕೇರಿಯಿಂದ ಟೈಪಿಂಗ್ ಕಲಿಯಲು ಹೋದ ಮೊದಲ ಹುಡುಗಿ. ಅವ್ವ ಕೂಲಿಗೆ ಹೋಗುವ ದಾರಿಯಲ್ಲಿ ನನ್ನನ್ನು ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಮೇಲೆ ಕೂರಿಸಿ ಹೋಗುತ್ತಿದ್ದಳು. ಬಾಗಿಲು ತೆರೆಯುವುದು ಆರು ಗಂಟೆಗೆ, ನಾನು ಐದೂ ಮುಕ್ಕಾಲಿಗೆ ಹಾಜರು. ಮಾಸ್ತರರದು ಮಾತು ಕಡಿಮೆ, ಸ್ಕೇಲು ಜಾಸ್ತಿ. ಕೀಲಿಗಳ ಮೇಲೆ ರಟ್ಟಿನ ಮುಚ್ಚಳ ಇಟ್ಟು ಟೈಪ್ ಮಾಡಿಸುತ್ತಿದ್ದರು. ಬೆನ್ನು ನೆಟ್ಟಗೆ, ಕಣ್ಣು ಕಾಗದದ ಮೇಲೆ. ಕೆಳಗೆ ಇಣುಕಿದರೆ ಬೆರಳ ಗೆಣ್ಣಿಗೆ ಏಟು.

"ಬೆರಳಿಗೆ ಕಲಿಸ್ಬೇ ತಂಗಿ," ಎನ್ನುತ್ತಿದ್ದರು. "ತಲಿ ಮರಿತೈತಿ, ಬೆರಳು ಮರಿಯಂಗಿಲ್ಲ."

ಆ ಮಾತನ್ನು ನಾನು ದೇವರ ಮಾತಿನಂತೆ ನಂಬಿದೆ. ಮುಂದೆ ಅದು ಎಷ್ಟು ಸತ್ಯವಾಯಿತೆಂದರೆ, ಮಾಸ್ತರರು ಬದುಕಿದ್ದರೆ ಅವರ ಮನೆಗೇ ಹೋಗಿ ಜಗಳವಾಡುತ್ತಿದ್ದೆ.

ಕೆಲಸಕ್ಕೆ ಸೇರಿದ ಮೇಲೆ ಟೈಪ್‌ರೈಟರ್ ಹೋಯಿತು, ಕಂಪ್ಯೂಟರ್ ಬಂತು. ಹೊಸ ಪ್ರಿಂಟರ್ ಬಂದ ವಾರವೇ ನಮ್ಮ ಆಗಿನ ಮೇಲಧಿಕಾರಿ, ಬಲು ಶಿಸ್ತಿನ ಮನುಷ್ಯ, "ಮೂರು ಪ್ರತಿ ಬೇಕು, ನಡುವೆ ಕಾರ್ಬನ್ ಹಾಳೆ ಇಡಿ" ಎಂದರು. ಹಳೆಯ ಸೂಜಿ ಪ್ರಿಂಟರಾಗಿದ್ದರೆ ನಡೆಯುತ್ತಿತ್ತು. ಇದು ಕಾದು ಅಚ್ಚೊತ್ತುವ ಲೇಸರ್ ಯಂತ್ರ. "ಸರ್, ಇದು ಕಾಯುತ್ತದೆ" ಎಂದೆ. "ಕಾಯಲಿ, ನಾವೇನು ಅವಸರದಲ್ಲಿಲ್ಲ" ಎಂದರು. ಇಟ್ಟೆ. ಮೊದಲು ಹೊಗೆ ಬಂತು, ಆಮೇಲೆ ವಾಸನೆ ಬಂತು, ಆಮೇಲೆ ಜವಾನ ಒಂದು ಬಕೆಟ್ ನೀರು ಹಿಡಿದು ಬಂದ. ನೀರು ಹಾಕದಂತೆ ಅವನನ್ನು ಇಬ್ಬರು ತಬ್ಬಿ ಹಿಡಿದೆವು. ಇದು ನನ್ನ ತಪ್ಪಲ್ಲ, ಮೊದಲೇ ಬರೆಸಿಕೊಂಡಿದ್ದ ಲಿಖಿತ ಆದೇಶವಿತ್ತು. ಆದೇಶವನ್ನು ಫೈಲಿನಲ್ಲಿಟ್ಟು ದಾರ ಕಟ್ಟಿದೆ. ಆ ಕಾಲದಲ್ಲಿ ನಾನು ಎಲ್ಲದಕ್ಕೂ ದಾರ ಕಟ್ಟುತ್ತಿದ್ದೆ.

ಯಂತ್ರ ಕೆಟ್ಟರೆ ಕೇಳುವವರಿರಲಿಲ್ಲ. ಇಂಜಿನಿಯರ್ ದೊಡ್ಡ ಊರಿನಿಂದ ಬರಬೇಕು, ಬರುವಷ್ಟರಲ್ಲಿ ಕೆಲಸದ ಗಡುವು ಮುಗಿದಿರುತ್ತಿತ್ತು. ಹೀಗಾಗಿ ನಾವು ಒಬ್ಬರಿಗೊಬ್ಬರು ಫೋನ್ ಮಾಡತೊಡಗಿದೆವು. ಕೂಡ್ಲಿಗಿಯಲ್ಲಿ ಲಗ್ನಪತ್ರಿಕೆ ಅಚ್ಚು ಮಾಡುವ ಡಿಟಿಪಿ ಅಂಗಡಿಯ ಕೊಟ್ರೇಶಿ, ಹರಪನಹಳ್ಳಿಯಲ್ಲಿ ಕಂಪ್ಯೂಟರ್ ತರಬೇತಿ ಕೊಡುತ್ತಿದ್ದ ಬಸವರಾಜಪ್ಪ, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಆಪರೇಟರುಗಳು, ಕೊಟ್ಟೂರಿನ ನಾನು. ಫೋನಿನಲ್ಲಿ ಮಾತಾಡಿ ಮಾತಾಡಿ, ಮುಖವನ್ನೂ ನೋಡಿಬಿಡೋಣ ಎಂದು ಸೇರಿದೆವು. ಐದು ತಾಲ್ಲೂಕಿನ ಗಣಕ ಬಳಗ ಹುಟ್ಟಿದ್ದು ಹಾಗೆ. ಬಸವರಾಜಪ್ಪ ಅಧ್ಯಕ್ಷರು, ನಾನು ಕಾರ್ಯದರ್ಶಿ. ತಿಂಗಳ ಎರಡನೇ ಭಾನುವಾರ, ಒಂದೊಂದು ಸಲ ಒಂದೊಂದು ಊರು, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ. ಸತ್ತ ಟೈಪ್‌ರೈಟರಿನಿಂದ ಬಿಚ್ಚಿದ ಗಂಟೆಯನ್ನು ಹಲಗೆಗೆ ಬಡಿದು ಕೊಟ್ರೇಶಿ ನನಗೆ ಕೊಟ್ಟಿದ್ದ. ಹತ್ತಕ್ಕೆ ನಾನು ಅದನ್ನು ಟಣ್ ಎನಿಸುತ್ತಿದ್ದೆ. ಆಮೇಲೆ ಬಂದವರು ಚಹಾ ಬರುವವರೆಗೆ ನಿಂತಿರಬೇಕು. ಗಂಟೆ ಮಾಡಿಕೊಟ್ಟವನೇ ಅತಿ ಹೆಚ್ಚು ಸಲ ನಿಂತವನು.

ಮೊದಲ ಸಭೆ ಶುದ್ಧ ಬೇಜಾರು. ಪ್ರತಿಯೊಬ್ಬರೂ ತಮ್ಮ ಸಾಧನೆ ಹೇಳಿಕೊಂಡರು. ಎರಡು ಗಂಟೆ. ಬಸವರಾಜಪ್ಪನವರು ತಮ್ಮ ಭಾಷಣದ ನಡುವೆ ತಾವೇ ಆಕಳಿಸಿದರು. ಆಗ ನಿಂತೇ ಇದ್ದ ಕೊಟ್ರೇಶಿ ಹೇಳಿದ: "ದೊಡ್ಡಸ್ತಿಕಿ ಸಾಕ್ರಿಯಪ್ಪ. ಯಾರ್ಯಾರು ಏನೇನು ಹಾಳು ಮಾಡೀರಿ, ಅದನ್ನ ಹೇಳ್ರಿ. ನಂದೇ ಮೊದ್ಲು ಕೇಳ್ರಿ. ಒಂದು ಲಗ್ನಪತ್ರಿಕಿ ಮಾಡಿದ್ನಿ, ಕಾರ್ಡೆಲ್ಲ ಊರಿಗೆ ಹಂಚ್ಯಾರ. ಹುಡುಗಿ ಹೆಸರು ಬರೋಬ್ಬರಿ ಐತಿ. ಹುಡುಗನ ಜಾಗದಾಗ 'ವರನ ಹೆಸರು ಇಲ್ಲಿ ಹಾಕಿ' ಅಂತ ಐತಿ."

"ಆಮೇಲೆ ಏನಾತಪ್ಪಾ?" ಎಂದು ಬಸವರಾಜಪ್ಪ ಎಚ್ಚರವಾದರು.

"ಲಗ್ನ ಆತ್ರಿ. ಆದ್ರ ಆ ಹುಡುಗನ್ನ ಇವತ್ತಿಗೂ ಊರಾಗ 'ಇಲ್ಲಿ ಹಾಕಿ' ಅಂತಾನ ಕರೀತಾರ."

ಅಂದು ಊಟದ ಹೊತ್ತು ದಾಟಿದರೂ ಯಾರೂ ಏಳಲಿಲ್ಲ. ಬಸವರಾಜಪ್ಪನವರು ತಮ್ಮದನ್ನು ಹೇಳಿದರು: ಲ್ಯಾಬಿನ ಕಂಪ್ಯೂಟರಿಗೆ ಭದ್ರವಾದ ಪಾಸ್‌ವರ್ಡ್ ಇಟ್ಟು, ಮರೆಯಬಾರದೆಂದು ಅದನ್ನು ಒಂದು ಫೈಲಿನಲ್ಲಿ ಬರೆದು, ಫೈಲನ್ನು ಅದೇ ಕಂಪ್ಯೂಟರಿನಲ್ಲಿ ಇಟ್ಟಿದ್ದರು. "ಬಾಳ ಭದ್ರ ಐತೆ ಕಣ್ರಪ್ಪ," ಎಂದರು, "ಇವತ್ತಿಗೂ ಯಾರಿಗೂ ತೆಗೆಯಾಕೆ ಆಗಿಲ್ಲ."

ಮುಂದಿನ ಸಭೆಗೆ ನಾನು ಕೆಂಪು ರಟ್ಟಿನ ರಿಜಿಸ್ಟರ್ ತಂದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಕ್ರಮಸಂಖ್ಯೆ, ದಿನಾಂಕ, ತಪ್ಪಿನ ವಿವರ, ಕಲಿತದ್ದು ಎಂದು ನಾಲ್ಕು ಕಲಂ. ತಪ್ಪು ಮಾಡಿದವರು ನಿಂತು ಹೇಳಬೇಕು. ಉಳಿದವರು ನಗಬಹುದು, ಬಯ್ಯುವಂತಿಲ್ಲ. ಹೇಳಿ ಮುಗಿಯುವ ತನಕ ಬುದ್ಧಿವಾದ ನಿಷಿದ್ಧ. ಕೋಣೆಯಲ್ಲಿ ಕೇಳಿದ್ದು ಕೋಣೆಯ ಹೊರಗೆ ಹೋಗಕೂಡದು. (ಇಲ್ಲಿ ಬರೆದವುಗಳಿಗೆ ಅನುಮತಿ ಪಡೆದಿದ್ದೇನೆ, ಕೊಟ್ರೇಶಿಯಂತೂ ಇನ್ನೂ ನಾಲ್ಕು ಸೇರಿಸಿ ಎಂದ.) ತಿಂಗಳ ಶ್ರೇಷ್ಠ ತಪ್ಪಿಗೆ ಮಂಡಕ್ಕಿ ಮಿರ್ಚಿಯ ಮೊದಲ ತಟ್ಟೆ. ಹೊಸಬರೇ, ನೀವು ಯಾವ ಕೋರ್ಸಿನಲ್ಲೂ ಕಲಿಯದಷ್ಟನ್ನು ನಾನು ಆ ನಾಲ್ಕನೇ ಕಲಂ ತುಂಬುತ್ತಾ ಕಲಿತೆ.

ಆದರೆ ನನ್ನ ಪುಟ ಖಾಲಿ. ನಾನು ಟೈಪ್ ಮಾಡಿದ್ದನ್ನು ಮೂರು ಸಲ ಓದುವವಳು: ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ, ಒಮ್ಮೆ ಸಾಲಿನ ಕೆಳಗೆ ಸ್ಕೇಲು ಇಟ್ಟು. ತಪ್ಪು ಎಲ್ಲಿಂದ ಬರಬೇಕು?

"ಅಕ್ಕಾರ," ಎನ್ನುತ್ತಿದ್ದ ಕೊಟ್ರೇಶಿ, "ನಾ ಸಾಯೋದ್ರೊಳಗ ನಿಮ್ದೊಂದು ತಪ್ಪು ನೋಡ್ಬೇಕ್ರಿ. ಸಣ್ಣದಿದ್ರೂ ನಡಿತೈತಿ."

"ನೀನು ಮೊದಲು ಹತ್ತಕ್ಕೆ ಬರೋದನ್ನ ಕಲಿ," ಎನ್ನುತ್ತಿದ್ದೆ.

ನಿವೃತ್ತಿಗೆ ಮೊದಲಿನ ಕೆಲವು ವರ್ಷ ನಾನು ಹಡಗಲಿ ಕಡೆಯ ಒಂದು ಕಚೇರಿಯಲ್ಲಿದ್ದೆ. ಇಟ್ಟಿಗಿ ಎಂಬ ಹಳ್ಳಿಯ ಒಂದು ಹೊಸ ಕೇರಿಯ ಅರವತ್ತು ಮನೆಗಳ ಪಟ್ಟಿಯನ್ನು ಅಲ್ಲಿ ನಾನೇ ತಯಾರಿಸಿದೆ. ಮನೆ ನಂಬರು, ಯಜಮಾನರ ಹೆಸರು, ಅಳತೆ. ಎಲ್ಲ ಇಂಗ್ಲಿಷಿನಲ್ಲಿ, ಟೈಪ್‌ರೈಟರಿನ ಅಕ್ಷರವನ್ನೇ ಹೋಲುವ ಫಾಂಟಿನಲ್ಲಿ. ನನಗೆ ಬೇರೆ ಫಾಂಟು ಅಂದವೆನಿಸುತ್ತಿರಲಿಲ್ಲ. ನಿವೃತ್ತಿಯ ದಿನ ಆ ಕಂಪ್ಯೂಟರನ್ನೂ ಪಟ್ಟಿಯನ್ನೂ ರೇಣುಕಾಳಿಗೆ ಒಪ್ಪಿಸಿದೆ. ಗುತ್ತಿಗೆಯ ಮೇಲೆ ಬಂದ ಆಪರೇಟರ್, ಚುರುಕು ಹುಡುಗಿ, ಇಟ್ಟಿಗಿಯದೇ ಸೊಸೆ. ಬಳಗಕ್ಕೂ ನಾನೇ ಸೇರಿಸಿಕೊಂಡೆ. "ಈ ಪಟ್ಟಿನ ಕಣ್ಮುಚ್ಚಿ ನಂಬು" ಎಂದು ಹೇಳಿ ಬಂದೆ.

ಹೋದ ವರ್ಷ ಆ ಕೇರಿಗೆ ಮನೆ ಹಕ್ಕುಪತ್ರ ಕೊಡುವ ಕಾಲ ಬಂತು. ರೇಣುಕಾ ಹೊಸ ಅರ್ಜಿಗಳನ್ನೆಲ್ಲ ಟೈಪ್ ಮಾಡಿದಳು. ಅವಳ ಪಟ್ಟಿಯ ಮನೆ ನಂಬರನ್ನು ನನ್ನ ಪಟ್ಟಿಯ ಮನೆ ನಂಬರಿನೊಂದಿಗೆ ಕಂಪ್ಯೂಟರೇ ಹೊಂದಿಸಿ ನೋಡುವುದು. ಎರಡೂ ಕೂಡಿಬಂದವರ ಹೆಸರು ಮಾತ್ರ ಕೊನೆಯ ಪಟ್ಟಿಗೆ. ನಮ್ಮ ಕಾಲದಲ್ಲಿ ಈ ಹೊಂದಿಸುವ ಕೆಲಸ ಮನುಷ್ಯರ ಕಣ್ಣಿನದಾಗಿತ್ತು, ಈಗ ಯಂತ್ರದ್ದು. ಕೊನೆಯ ಪಟ್ಟಿಯನ್ನು ಇಟ್ಟಿಗಿಯಲ್ಲಿ ಅಂಟಿಸಿದರು. ಹದಿನೈದು ಮನೆ ಇಲ್ಲ!

ಇಲ್ಲವಾದವರಲ್ಲಿ ಹನ್ನೊಂದನೇ ಮನೆಯ ಗಂಗಮ್ಮ ಒಬ್ಬಳು. ಗಂಗಮ್ಮನ ದನಿ ಮೂರು ಓಣಿಗೆ ಕೇಳುತ್ತದೆ. ಅದಕ್ಕೆ ಹದಿನೈದು ದಿನ ಮುಂಚೆ ಅವಳಿಗೂ ರೇಣುಕಾಳಿಗೂ ನಲ್ಲಿಯ ಹತ್ತಿರ ಕೊಡಪಾನ ಕೊಡಪಾನ ತಾಗಿ ಜಗಳವಾಗಿತ್ತು. "ನಲ್ಲಿ ಸಿಟ್ಟಿಗೆ ನನ್ನ ಹೆಸರು ತಗದಾಳ, ಅನುಮಾನ ಬರಬಾರದಂತ ಇನ್ನ ಹದಿನಾಲ್ಕು ಮಂದೀದೂ ತಗದಾಳ!" ಎಂದು ಗಂಗಮ್ಮ ಸಾರಿದಳು. ಹದಿನೈದು ಮನೆಯವರೂ ಕಚೇರಿಗೆ ಬಂದರು. ಸಾಹೇಬರು ರೇಣುಕಾಳನ್ನು ಕರೆದು, "ಸೋಮವಾರದೊಳಗ ಕಾರಣ ಹೇಳಬೇಕು, ಇಲ್ಲಾಂದ್ರ ಮಂಗಳವಾರದಿಂದ ಬರಬ್ಯಾಡ" ಎಂದರು. ಅವಳ ಮನೆ ನಡೆಯುತ್ತಿದ್ದುದೇ ಆ ಕೆಲಸದಿಂದ.

ನಡುವಿನ ಭಾನುವಾರ ನಮ್ಮ ಸಭೆ, ಹಗರಿಬೊಮ್ಮನಹಳ್ಳಿಯಲ್ಲಿ. ರೇಣುಕಾ ನಿಂತಳು. ಕೈಯಲ್ಲಿ ಲ್ಯಾಪ್‌ಟಾಪು, ಕಣ್ಣಲ್ಲಿ ನೀರು. ಎಲ್ಲವನ್ನೂ ಹೇಳಿ, "ಏನು ತಪ್ಪು ಮಾಡೀನಿ ಅಂತ ನನಗ ಗೊತ್ತಿಲ್ರಿ. ಬರಕೊಳ್ರಿ ಅಕ್ಕಾರ, ತಪ್ಪು ಗೊತ್ತಿಲ್ಲ ಅಂತ ಬರಕೊಳ್ರಿ," ಎಂದಳು.

ನಾನು ಬರೆದುಕೊಳ್ಳಲಿಲ್ಲ. ನಿಯಮವನ್ನೂ ಮುರಿದೆ. "ಪಟ್ಟಿ ನಂದು," ಎಂದೆ. "ಮೂರು ಸಲ ಓದೀನಿ. ಅದರಾಗ ತಪ್ಪಿರಂಗಿಲ್ಲ. ನಿನ್ನ ಕೈಯಾಗ ಏನೋ ಅಳಿಸಿ ಹೋಗೈತಿ, ನೆನಪು ಮಾಡ್ಕೋ."

ಅವಳು ತಲೆ ತಗ್ಗಿಸಿದಳು. ಬಳಗದ ಚರಿತ್ರೆಯಲ್ಲಿ ತಪ್ಪು ಹೇಳಿಕೊಂಡವರನ್ನು ಬೈದವಳು ನಾನೊಬ್ಬಳೇ.

ಕೊಟ್ರೇಶಿ ನಗದೆ ಎದ್ದು ಹೋಗಿ ಬೋರ್ಡಿನ ಮೇಲೆ ಬಿಟ್ಟುಹೋದ ಮನೆಗಳ ನಂಬರುಗಳನ್ನು ಬರೆದ. 1. ಆಮೇಲೆ 10ರಿಂದ 19ರ ತನಕ ಸಾಲಾಗಿ. ಆಮೇಲೆ 21, 31, 41, 51.

"ವೈರಸ್ ಇರಬಹುದಾ?" ಎಂದು ಯಾರೋ ಅಂದರು.

"ಲೇ, ವೈರಸ್ಸಿಗೆ ಮನಿ ನಂಬರ್ ನೋಡಿ ಹೋಗಾಕ ಅದೇನು ಪೋಸ್ಟ್‌ಮನ್ನಾ?" ಎಂದ ಕೊಟ್ರೇಶಿ.

ಬಸವರಾಜಪ್ಪನವರು ಕನ್ನಡಕ ಏರಿಸಿ ಬೋರ್ಡಿನ ಹತ್ತಿರ ಹೋದರು. ಮಕ್ಕಳ ಹಾಗೆ ಬೆರಳಿಟ್ಟು ಒಂದೊಂದನ್ನೇ ಓದಿದರು. "ಎಲ್ಲಾದ್ರಾಗೂ ಒಂದು ಐತೆ ನೋಡ್ರಪ್ಪ," ಎಂದರು. "ಎರಡು ಇರೋವು ಹೋಗಿಲ್ಲ, ಮೂರು ಇರೋವು ಹೋಗಿಲ್ಲ. ಒಂದು ಎಲ್ಲೆಲ್ಲಿ ಐತೋ ಅಲ್ಲೆಲ್ಲ ಹೋಗೈತೆ. ಈ ಒಂದಕ್ಕೆ ಏನಾಗೈತೆ?"

ಕೊಟ್ರೇಶಿ ನಿಧಾನವಾಗಿ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಹದಿನಾಲ್ಕು ವರ್ಷ ಕಾದವನ ಆಸೆ ಮೂಡಿತ್ತು. ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟ.

"ಅಕ್ಕಾರ, ಹನ್ನೊಂದು ಅಂತ ಟೈಪ್ ಮಾಡ್ರಿ."

"ಅದೇನು ದೊಡ್ಡ ಕೆಲಸ?" ಎಂದು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಬೋರ್ಡಿನ ಮೇಲಿಟ್ಟು, ಹೊಡೆದೆ. ಟಕ್ ಟಕ್. ಎಲ್ಲರೂ ನೋಡುತ್ತಿದ್ದುದು ಪರದೆಯನ್ನಲ್ಲ, ನನ್ನ ಕೈಯನ್ನು. ನಾನೂ ನೋಡಿದೆ. ಕೆಲಸ ಕಲಿತ ಮೇಲೆ ಮೊದಲ ಸಲ ಕೆಳಗೆ ಇಣುಕಿದ್ದು. ಅಂಕಿಗಳಿರುವುದು ಮೇಲಿನ ಸಾಲಿನಲ್ಲಿ. ನನ್ನ ಬಲಗೈಯ ಉಂಗುರ ಬೆರಳು ನಡುವಿನ ಸಾಲಿನಲ್ಲಿ, ಇಂಗ್ಲಿಷಿನ ಎಲ್ ಅಕ್ಷರದ ಮೇಲೆ ಆರಾಮವಾಗಿ ಕೂತಿತ್ತು.

ಹೊಸಬರಿಗೆ ಇದನ್ನು ಬಿಡಿಸಿ ಹೇಳಬೇಕು. ನಾನು ಕಲಿತ ಇಂಗ್ಲಿಷ್ ಟೈಪ್‌ರೈಟರಿನಲ್ಲಿ ಒಂದು ಎಂಬ ಅಂಕಿಯ ಕೀಲಿಯೇ ಇರಲಿಲ್ಲ. ಅಂಕಿಗಳು ಶುರುವಾಗುತ್ತಿದ್ದುದೇ ಎರಡರಿಂದ. ಒಂದು ಬೇಕಾದಾಗ ಸಣ್ಣ ಎಲ್ ಹೊಡಿ ಎಂದು ಮಾಸ್ತರರು ಬೆರಳಿಗೆ ಕಲಿಸಿದ್ದರು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತಿದ್ದವು. ಟೈಪ್‌ರೈಟರ್ ಹೋದರೂ ಬೆರಳು ಅಲ್ಲೇ ಉಳಿದಿತ್ತು. ನನ್ನ ಮೆಚ್ಚಿನ ಫಾಂಟಿನಲ್ಲೂ ಎರಡೂ ಅವಳಿ ಮಕ್ಕಳಂತೆ. ಮೂರಲ್ಲ, ಮುನ್ನೂರು ಸಲ ಓದಿದ್ದರೂ ಸಿಕ್ಕುತ್ತಿರಲಿಲ್ಲ. ಕಣ್ಣಿಗೆ ಕಾಣದ ವ್ಯತ್ಯಾಸ ಯಂತ್ರಕ್ಕೆ ಹಗಲಿನಷ್ಟು ಸ್ಪಷ್ಟ. ರೇಣುಕಾಳ ಹನ್ನೊಂದು ಅಂಕಿ, ನನ್ನ ಹನ್ನೊಂದು ಎರಡು ಅಕ್ಷರ. ಯಂತ್ರ ಹೊಂದಿಸಲು ಹೋಗಿ, ಇಂಥ ಮನೆಯೇ ಇಲ್ಲ ಎಂದಿತ್ತು.

ಕೊಟ್ರೇಶಿ ನೆಲದ ಮೇಲೆ ಕೂತೇಬಿಟ್ಟ. ನಗುತ್ತಾ ಅವನಿಗೆ ಕೆಮ್ಮು ಬಂತು, ಬಸವರಾಜಪ್ಪನವರು ಅವನ ಬೆನ್ನು ತಟ್ಟುತ್ತಾ ತಾವೂ ಕೆಮ್ಮಿದರು. ಕಣ್ಣೀರು ಒರೆಸದೆಯೇ ರೇಣುಕಾ ನಗತೊಡಗಿದಳು. ನಾನು ಗಂಟೆ ಬಾರಿಸಿದೆ. ಯಾರೂ ಸುಮ್ಮನಾಗಲಿಲ್ಲ. ಮತ್ತೆ ಬಾರಿಸಿದೆ. ಆಮೇಲೆ ನನಗೂ ತಡೆಯಲಾಗಲಿಲ್ಲ.

ನಗು ಇಳಿದ ಮೇಲೆ ಪ್ರಶ್ನೆ ಉಳಿಯಿತು. ಅಕ್ಷರ ತೆಗೆದು ಅಂಕಿ ಹಾಕುವುದು ಒಂದು ನಿಮಿಷದ ಕೆಲಸ. ಆದರೆ ಸಾಹೇಬರಿಗೆ ಹೇಳುವುದೇನು?

"ಮಿಷಿನ್ ತಪ್ಪು ಅಂತ ಹೇಳ್ತೀನ್ರಿ," ಎಂದಳು ರೇಣುಕಾ. "ನಿಮ್ಮ ಹೆಸರು ಯಾಕ್ರಿ ಅಕ್ಕಾರ? ಆ ಕಚೇರ್‍ಯಾಗ ಇವತ್ತಿಗೂ ನಿಮ್ಮ ಪಟ್ಟಿ ತೋರಿಸಿ ಹಿಂಗಿರಬೇಕು ಅಂತಾರ."

"ಮಿಷಿನ್ ಅಂದ್ರ ನಲ್ಲಿ ಜಗಳದ ಮಾತು ನಿನ್ನ ಬೆನ್ನಿಗೇ ಉಳಿತೈತಿ," ಎಂದೆ. "ಹೋಗೋಣ. ಮೊದಲ ಬಸ್ಸಿಗೆ ಬರ್ತೀನಿ."

ಸೋಮವಾರ ಕಚೇರಿ ತೆರೆಯುವ ಮೊದಲೇ ನಾನು ಬಾಗಿಲಲ್ಲಿದ್ದೆ. ಸಾಹೇಬರು ಕುರ್ಚಿ ಕೊಟ್ಟರು, ಚಹಾ ತರಿಸಿದರು, ನನ್ನ ಮಾತು ಪೂರ್ತಿ ಕೇಳಿದರು. ಆದರೆ ನಂಬಲಿಲ್ಲ.

"ಮೇಡಂ, ಹುಡುಗಿ ಮ್ಯಾಲಿನ ಕನಿಕರಕ್ಕ ಹೇಳಾಕ ಹತ್ತೀರಿ ನೀವು. ನಿಮ್ಮ ಪಟ್ಟಿಯಾಗ ತಪ್ಪಾ? ಒಂದು ಹೊಡಿಯೋ ಕಡೆ ಯಾರಾದ್ರೂ ಎಲ್ ಹೊಡಿತಾರೇನ್ರಿ?"

ಸಾಹೇಬರು ಕೆಳಗಿನ ಹುದ್ದೆಯಿಂದ ಮೇಲೆ ಬಂದವರು ಎಂದು ನನಗೆ ಗೊತ್ತಿತ್ತು. "ಸರ್, ನೀವು ಟೈಪಿಂಗ್ ಕಲಿತಿದ್ರಿ ಅಲ್ರಿ?" ಎಂದೆ.

"ಸೀನಿಯರ್ ಪಾಸು!" ಎಂದರು, ಎದೆಯುಬ್ಬಿಸಿ.

"ಹಂಗಾದ್ರ ಒಂದು ಸಲ ಹನ್ನೊಂದು ಹೊಡೀರಿ."

ನಕ್ಕರು. ಕನ್ನಡಕ ಸರಿಮಾಡಿಕೊಂಡರು. ಬೆನ್ನು ನೆಟ್ಟಗೆ ಮಾಡಿದರು. ಆ ಬೆನ್ನು ನೋಡಿದಾಗಲೇ ನನಗೆ ಅರ್ಧ ಗೊತ್ತಾಯಿತು. ಟಕ್ ಟಕ್.

ಉಂಗುರ ಬೆರಳು. ನಡುವಿನ ಸಾಲು.

ರೇಣುಕಾ ಬಾಯಿಗೆ ಸೆರಗು ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಸಾಹೇಬರು ತಮ್ಮ ಬೆರಳನ್ನು ಯಾರದೋ ಬೆರಳು ಎಂಬಂತೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಮೇಡಂ, ಯಾವ ಊರಾಗ ಕಲಿತಿದ್ದು?"

"ಕೊಟ್ಟೂರು."

"ರಟ್ಟಿನ ಮುಚ್ಚಳ?"

"ಗೆಣ್ಣಿಗೆ ಸ್ಕೇಲು."

ಮುಂದೆ ವಿಚಾರಣೆ ನಡೆಯಲಿಲ್ಲ. ಸಾಹೇಬರೇ ಇಟ್ಟಿಗಿಗೆ ಹೋಗಿ, ತಿದ್ದಿದ ಪಟ್ಟಿಯನ್ನು ಅಂಟಿಸಿ, ಹದಿನೈದು ಮನೆಯವರ ಮುಂದೆ ನಿಂತು, ತಪ್ಪು ಹಳೆಯ ಪಟ್ಟಿಯದು, ಈ ಹುಡುಗಿಯದಲ್ಲ ಎಂದು ಹೇಳಿದರು. ಪಟ್ಟಿ ಮಾಡಿದ ನಾನು ಪಕ್ಕದಲ್ಲೇ ನಿಂತಿದ್ದೆ. ಗಂಗಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ತೋರಿಸ್ಬೇ ಯಕ್ಕಾ ಆ ಬೆರಳನ್ನ."

ತೋರಿಸಿದೆ. ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದಳು. "ಇಷ್ಟುದ್ದ ಬೆರಳು ನನ್ನ ಮನಿ ನುಂಗಿತ್ತೇನು!" ಎಂದು ಊರಿಗೆಲ್ಲ ಕೇಳುವಂತೆ ಉದ್ಗರಿಸಿ, ಹಿಂದೆ ನಿಂತಿದ್ದ ರೇಣುಕಾಳ ಕಡೆ ತಿರುಗಿದಳು. "ನೀ ನಾಳಿಂದ ನಲ್ಲಿಗೆ ನನಗಿಂತ ಮೊದ್ಲು ಕೊಡ ಇಡ್ಬೇ. ಒಂದು ವಾರ. ಆಮ್ಯಾಲ ನೋಡೋಣ."

ಮುಂದಿನ ಸಭೆ ನನ್ನ ಊರು ಕೊಟ್ಟೂರಿನಲ್ಲಿ. ಅಷ್ಟರಲ್ಲಿ ನಾನು ಕಾರ್ಯದರ್ಶಿ ಸ್ಥಾನ ಬಿಟ್ಟು, ರಿಜಿಸ್ಟರನ್ನೂ ಗಂಟೆಯನ್ನೂ ರೇಣುಕಾಳಿಗೆ ಒಪ್ಪಿಸಿದ್ದೆ. ಈ ಸಲ ಕಣ್ಣು ಮುಚ್ಚಿ ನಂಬು ಎನ್ನಲಿಲ್ಲ. ಅವಳು ಹತ್ತಕ್ಕೆ ಸರಿಯಾಗಿ ಟಣ್ ಎನಿಸಿದಳು. ಕೊಟ್ರೇಶಿ ಒಂಬತ್ತೂವರೆಗೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಮದುವೆ ಮನೆಯವನ ಹಾಗೆ ಹೊಸ ಅಂಗಿ ಬೇರೆ.

ನಾನು ನಿಂತೆ. ಪಟ್ಟಿಯ ಕಥೆ ಹೇಳಿದೆ. ರೇಣುಕಾಳನ್ನು ಎಲ್ಲರ ಮುಂದೆ ಗದರಿದ್ದನ್ನೂ ಹೇಳಿ, ಅದು ಎಲ್ ಅಕ್ಷರಕ್ಕಿಂತ ದೊಡ್ಡ ತಪ್ಪು, ಅದನ್ನೂ ಬರೆದುಕೋ ಎಂದೆ. ಅವಳು ಅದನ್ನು ಮಾತ್ರ ಬರೆಯಲು ಒಪ್ಪಲಿಲ್ಲ. "ಜಾಗ ಇಲ್ರಿ ಅಕ್ಕಾರ," ಎಂದಳು. ಪುಟ ಪೂರ್ತಿ ಖಾಲಿ ಇತ್ತು.

"ಕೈಲೆ ಬರದ್ರ ನಡಿಯಂಗಿಲ್ಲ," ಎಂದ ಕೊಟ್ರೇಶಿ. "ಅಕ್ಕಾರು ಎಲ್ಲಾರ ಮುಂದ ಟೈಪ್ ಮಾಡಬೇಕು. ಪ್ರಿಂಟ್ ತಗದು ಅಂಟಿಸೋಣ."

ಲ್ಯಾಪ್‌ಟಾಪ್ ಬಂತು. ಎಲ್ಲರೂ ಸುತ್ತ ನಿಂತರು. ಕ್ರಮಸಂಖ್ಯೆ ಒಂದು. ನಾನು ಉಸಿರು ಬಿಗಿಹಿಡಿದು, ಕಣ್ಣನ್ನು ನಾಚಿಕೆಯಿಲ್ಲದೆ ಕೀಲಿಗಳ ಮೇಲಿಟ್ಟು, ಎಂದೂ ಆ ಮೂಲೆಗೆ ಹೋಗದಿದ್ದ ಎಡಗೈ ಕಿರುಬೆರಳನ್ನು ಮೇಲಿನ ಸಾಲಿನ ತುದಿಗೆ ಕಳಿಸಿ ಒತ್ತಿದೆ. ಒಂದು. ಅಪ್ಪಟ ಅಂಕಿ. ಬಸವರಾಜಪ್ಪನವರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು, ಮಿರ್ಚಿಯ ಮೊದಲ ತಟ್ಟೆ ನನ್ನ ಮುಂದೆ ಬಂದು ಕೂತಿತು. ಆ ಖುಷಿಯಲ್ಲಿ, ತಲೆಯೆತ್ತಿ ಎಲ್ಲರಿಗೂ ನಗುತ್ತಾ, ಮುಂದಿನ ಕಲಮಿನಲ್ಲಿ ಅಂದಿನ ದಿನಾಂಕ ಹೊಡೆದೆ.

ಅಂದು ತಿಂಗಳ ಹನ್ನೊಂದನೇ ತಾರೀಕು.

ಟಕ್ ಟಕ್.

ಕೊಟ್ರೇಶಿ ಕೂಗಿದ್ದು ಬಸ್ ನಿಲ್ದಾಣದವರೆಗೂ ಕೇಳಿರಬೇಕು. ರೇಣುಕಾ ಗಂಟೆ ಬಾರಿಸಿದಳು, ಪೆನ್ನು ತೆರೆದಳು, ನನ್ನ ಪುಟದಲ್ಲಿ ಅಚ್ಚುಕಟ್ಟಾಗಿ ಬರೆದಳು: ಕ್ರಮಸಂಖ್ಯೆ ಎರಡು.